ಸ್ಟೀಲ್ ಲೋಟಕ್ಕೆ ಅರ್ಪಿಸಿದ ಬಿನ್ನವತ್ತಳೆ



ಬೆಂಗಳೂರಿನಲ್ಲಿ 1876ರಿಂದಲೇ ಗೋಲ್ಫ್ ಕ್ಲಬ್ಬೊಂದು ನಡೆದುಬಂದಿದ್ದರೂ, ಅದರ ಬೇಲಿಯಾಚೆಯ ಬಾಡಿಗೆ ಮನೆಗಳಲ್ಲಿ ಆ ಆಟವನ್ನು ಬೆಳೆಸುವ ಭಾರವನ್ನು ಆಗಾಗ ‘ಠಣ್’ ಎನ್ನುವುದೊಂದನ್ನು ಬಿಟ್ಟರೆ ತುಟಿ ಬಿಚ್ಚದೆ ಹೊತ್ತಿರುವ ಮಹನೀಯರಿಗೆ ಈವರೆಗೆ ಒಂದು ಹಾರವೂ ಸಂದಿಲ್ಲವೆಂಬುದು ನಾಡಿನ ಸನ್ಮಾನ ಪರಂಪರೆಗೇ ಕಳಂಕವಾಗಿದ್ದು, ಅದನ್ನು ತೊಡೆಯುವ ಸಲುವಾಗಿ ಈ ಬಿನ್ನವತ್ತಳೆಯನ್ನು ಅಡುಗೆಮನೆಯ ಸ್ಟೀಲ್ ಲೋಟದ ಸನ್ನಿಧಿಯಲ್ಲಿ ಅರ್ಪಿಸಲಾಗುತ್ತಿದೆ.

ಈ ಗೌರವಕ್ಕೆ ಮೊದಲು ಕೇಳಿಬಂದ ಹೆಸರು ತಾರಸಿಯ ಬಲೆಯದು. ಡ್ರೈವರ್ ಎಂಬ ಅತ್ಯಂತ ಉದ್ದದ ಕೋಲಿನಿಂದ ಹೊಡೆದ ಚೆಂಡನ್ನು ತಡೆಯಲು ಎರಡು ಕಂಬಗಳ ನಡುವೆ ಇಳಿಬಿಡುವ ಈ ಬಲೆಗೆ ಅಗ್ಗದ ಆಸೆಯಿಂದ ಕ್ರಿಕೆಟ್ ಬಲೆಯನ್ನೇ ತಂದು ಕಟ್ಟುವುದುಂಟು. ಆದರೆ ಕ್ರಿಕೆಟ್ ಚೆಂಡಿನ ಅಡ್ಡಳತೆ ಏಳು ಸೆಂಟಿಮೀಟರಿಗೂ ಮಿಗಿಲಾಗಿದ್ದು ಗೋಲ್ಫ್ ಚೆಂಡಿನದು ಸುಮಾರು 43 ಮಿಲಿಮೀಟರ್ ಮಾತ್ರವಾದ್ದರಿಂದ, ಕಣ್ಣು ದೊಡ್ಡದಾದ ಬಲೆಯಲ್ಲಿ ನುಸುಳಿದ ಚೆಂಡು ನೆರೆಮನೆಯ ಸೋಲಾರ್ ಹೀಟರಿನ ಕುಶಲ ವಿಚಾರಿಸಲು ಹೊರಡುತ್ತದೆ. ಬಿಗಿಯಾಗಿ ಎಳೆದು ಕಟ್ಟಿದರೆ ಚೆಂಡು ಹೊಡೆದವನ ಕಡೆಗೇ ಚಿಮ್ಮುವುದರಿಂದ ಬಲೆಯನ್ನು ಸಡಿಲ ಬಿಟ್ಟು, ಹಿಂದೊಂದು ಹಳೆಯ ಕಂಬಳಿ ತೂಗುಹಾಕಿ, ಕಾಂಕ್ರೀಟಿನ ಪೆಟ್ಟು ಮಣಿಕಟ್ಟಿಗೆ ತಾಗದಂತೆ ಚೆಂಡಿನಡಿ ದಪ್ಪ ಮ್ಯಾಟ್ ಹಾಸಬೇಕು. ಇಷ್ಟೆಲ್ಲ ಉಪಚಾರ ಬೇಡುವ ಸನ್ಮಾನಿತರು ನಾಡಿನಲ್ಲಿ ಈಗಾಗಲೇ ಸಾಕಷ್ಟಿರುವ ಕಾರಣ ಬಲೆಯ ಹೆಸರನ್ನು ಕೈಬಿಡಲಾಯಿತು. ಸೀಲಿಂಗ್ ಫ್ಯಾನಿನ ಕೆಳಗೆ ಡ್ರೈವರ್ ಬೀಸುವ ಸಲಹೆ ಚರ್ಚೆಗೇ ಬರಲಿಲ್ಲ.

ಲೋಟದ ಹಿರಿಮೆ ಲೆಕ್ಕದಿಂದಲೇ ಸಿದ್ಧವಾಗುತ್ತದೆ. ಪಾರ್ ಎಂದರೆ ನುರಿತ ಆಟಗಾರನಿಗೆ ಒಂದು ಕುಳಿ ಮುಗಿಸಲು ಸಾಕೆಂದು ಎಣಿಸಿದ ಹೊಡೆತಗಳ ಸಂಖ್ಯೆ; ಹದಿನೆಂಟು ಕುಳಿಗಳಿಗೆ ಸಾಮಾನ್ಯವಾಗಿ 72 ಆಗುವ ಈ ಎಣಿಕೆಯಲ್ಲಿ, ಕುಳಿಗೆ ಎರಡರಂತೆ 36 ಹೊಡೆತಗಳು ಪಟಿಂಗಿಗೆ, ಅಂದರೆ ನುಣ್ಣಗೆ ಕತ್ತರಿಸಿದ ಹುಲ್ಲಿನ ಮೇಲೆ ಚೆಂಡನ್ನು ಕುಳಿಯತ್ತ ಉರುಳಿಸುವ ಕೆಲಸಕ್ಕೆ, ಮೀಸಲು. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸಿನಲ್ಲಿ, ದೂರಕ್ಕೆ ಹೊಡೆಯುವುದರಲ್ಲಿ ಎದುರಾಳಿಗಳಿಗಿಂತ ಹಿಂದಿದ್ದೂ, ನಾಲ್ಕನೆಯ ಸ್ಥಾನಕ್ಕೇರಿದ್ದು ಬಹುಮಟ್ಟಿಗೆ ಈ ಉರುಳಿಸುವ ಕಲೆಯ ಬಲದಿಂದಲೇ. ಇಂತಹ ಅರ್ಧ ಆಟಕ್ಕೆ ಬೇಕಾದದ್ದು ಉರುಳಿಸಲೆಂದೇ ಇರುವ ಪಟರ್ ಎಂಬ ಸೆಕೆಂಡ್ ಹ್ಯಾಂಡ್ ಕೋಲು, ಸುಕ್ಕಿಲ್ಲದೆ ಹಾಸಿದ ಜಮಖಾನ, ಅದರ ತುದಿಯಲ್ಲಿ ಅಡ್ಡ ಮಲಗಿದ ಸನ್ಮಾನಿತರು. ನಿಯಮದ ಕುಳಿ 108 ಮಿಲಿಮೀಟರ್ ಅಗಲವಿದ್ದು, ಕಾಫಿ ಲೋಟದ ಬಾಯಿ ಅದಕ್ಕಿಂತ ಸಾಕಷ್ಟು ಕಿರಿದಾದ್ದರಿಂದ, ಇಲ್ಲಿ ಗುರಿ ಸಾಧಿಸಿದವನಿಗೆ ಮೈದಾನದ ಕುಳಿ ಧಾರಾಳಿಯಾಗಿ ತೋರುತ್ತದೆ.

ಬಿನ್ನವತ್ತಳೆಯಲ್ಲಿ ದೋಷವೆಣಿಸುವ ವಾಡಿಕೆಯಿಲ್ಲದಿದ್ದರೂ ಒಂದನ್ನು ಹೇಳಲೇಬೇಕು: ವೇಗ ಮಿತಿಮೀರಿದ ಚೆಂಡು ನಿಜವಾದ ಕುಳಿಯನ್ನು ಹಾರಿ ಮುಂದೆ ಹೋಗುತ್ತದೆ, ಲೋಟವಾದರೋ ತಳದಿಂದ ಅದನ್ನು ತಡೆದು ತಪ್ಪನ್ನು ಮುಚ್ಚಿಹಾಕುತ್ತದೆ. ಆದ್ದರಿಂದ ಆಗಾಗ ಲೋಟವನ್ನೆತ್ತಿ ಅಲ್ಲೊಂದು ನಾಣ್ಯವಿಟ್ಟು, ಚೆಂಡು ಅದನ್ನು ದಾಟಿ ಗೇಣುದೂರದೊಳಗೆ ನಿಲ್ಲುವಂತೆ ಉರುಳಿಸುವುದು ಒಳಿತು.

ಶಾಲು ಹೊದಿಸಲು ಹೆಗಲಿಲ್ಲದ ಕಾರಣ ಸನ್ಮಾನಿತರಿಗೆ ಮೈಸೂರು ಪೇಟವನ್ನಷ್ಟೇ ತೊಡಿಸಲಾಗುವುದು. ಸಂಜೆಯ ಕಾಫಿಗೆ ಅವರು ಕರ್ತವ್ಯಕ್ಕೆ ಹಾಜರಾಗಬೇಕಿರುವುದರಿಂದ ಅಧ್ಯಕ್ಷರ ಭಾಷಣ ಚುಟುಕಾಗಿರಲೆಂದು ವಿನಂತಿ.