ಘಟ್ಟದ ಮೇಲೊಂದು ಸಮುದ್ರ

ಕೆಳದಿಯ ಅರಸರಿಗೆ ಒಂದು ಕಾಲಕ್ಕೆ ನಿಜವಾದ ಸಮುದ್ರವೇ ಇತ್ತು. 1650ರ ದಶಕದಲ್ಲಿ ಶಿವಪ್ಪ ನಾಯಕ ಹೊನ್ನಾವರ, ಮಂಗಳೂರಿನ ಕೋಟೆಗಳನ್ನು ಪೋರ್ಚುಗೀಸರ ಕೈಯಿಂದ ಕಿತ್ತುಕೊಂಡ. ಸಮುದ್ರ ಬೇಕೆನಿಸಿದರೆ ಘಟ್ಟದ ಕೆಳಗೆ ದಂಡು ಕಳಿಸುವ ಅನುಕೂಲ ಅವನಿಗಿತ್ತು. ಅದೇ ಕೆಳದಿ ಸೀಮೆಯಲ್ಲಿ ಅಡಿಕೆ ತೋಟದ ಮಗ್ಗುಲಿಗೆ ಮನೆ ಮಾಡಿಕೊಂಡಿರುವ ನನ್ನಂಥವನು ಸಮುದ್ರ ಬೇಕೆಂದರೆ ಕೊರಿಯರಿನವನಿಗೆ ಫೋನು ಮಾಡಬೇಕು. ಅವನೋ, 'ನಿಮ್ಮನೆ ತನಕ ಗಾಡಿ ಬರಲ್ಲ ಸಾರ್, ಸಾಗರ ಪೇಟೆಗೇ ಬಂದು ತಗಂಡೋಗಿ' ಎನ್ನುತ್ತಾನೆ. (ಸಾಗರದಲ್ಲಿ ಸಮುದ್ರ ಕೊಂಡುಕೊಳ್ಳುವ ಕುರಿತ ಜೋಕನ್ನು ಬಂದ ನೆಂಟರೆಲ್ಲ ಒಂದೊಂದು ಸಲ ಹೇಳಿ ಮುಗಿಸಿದ್ದಾರೆ. ದಯವಿಟ್ಟು ನೀವು ಬೇಡ.)

ನಮ್ಮ ಜಗುಲಿಯ ಮೂಲೆಯಲ್ಲಿರುವ ಸಮುದ್ರ ಎರಡಡಿ ಉದ್ದ, ಅರವತ್ತು ಲೀಟರು. ಮಲೆನಾಡಿಗರಿಗೆ ಮೀನು ಸಾಕುವುದು ಹೊಸದಲ್ಲ. ತೀರ್ಥಹಳ್ಳಿ ಹತ್ತಿರದ ಚಿಬ್ಬಲಗುಡ್ಡೆಗೆ ಹೋಗಿ ದೇವರ ಮೀನುಗಳಿಗೆ ಮಂಡಕ್ಕಿ ಎಸೆದು ಬಂದವರೇ ನಾವೆಲ್ಲ. ಆದರೆ ಅವು ಹೊಳೆಯ ಮೀನು, ದೇವರ ಸುಪರ್ದಿಯಲ್ಲಿರುವಂಥವು. ಉಪ್ಪುನೀರಿನ ಮೀನನ್ನು ಮನೆಯೊಳಗೆ ತರುವುದೆಂದರೆ, ಅದೂ ಕರಾವಳಿಯಿಂದ ಬರುವ ಮೀನಿನ ಗಾಡಿಯ ಹಾರ್ನು ಕೇಳಿದರೆ ಎದುರು ಬಾಗಿಲು ಹಾಕಿಕೊಳ್ಳುವ ಹವ್ಯಕರ ಮನೆಗೆ ತರುವುದೆಂದರೆ, ಸಣ್ಣ ಮಾತಲ್ಲ. 'ಜೀವ ಇರೋ ಮೀನು, ಅಡ್ಡಿಲ್ಲೆ' ಎಂದು ಅಮ್ಮ ಅಪ್ಪಣೆ ಕೊಟ್ಟಳು. ಜೀವ ಹೋದರೆ ಏನು ಕ್ರಮ ಎಂಬುದನ್ನು ಇಬ್ಬರೂ ಎತ್ತಲಿಲ್ಲ.

ಮೊದಲ ಜಗಳ ನೀರಿನದು. ನಮ್ಮದು ಗುಡ್ಡದಿಂದ ಪೈಪಿನಲ್ಲಿ ತಾನಾಗಿ ಇಳಿದು ಬರುವ ಅಬ್ಬಿ ನೀರು. ಪೇಟೆಯಿಂದ ಬಂದವರು ಬಾಟಲಿಯಲ್ಲಿ ತುಂಬಿಸಿಕೊಂಡು ಹೋಗುತ್ತಾರೆ. ಇಂಥ ನೀರನ್ನೂ ಮೂರು ನಾಲ್ಕು ಫಿಲ್ಟರಿನಲ್ಲಿ ಹಾಯಿಸಿ, ಮೀಟರು ಅದ್ದಿದರೆ ಸೊನ್ನೆ ತೋರಿಸುವಷ್ಟು ಬೋಳಿಸಬೇಕು. ಇಲ್ಲದಿದ್ದರೆ ಅದರಲ್ಲಿರುವ ಚೂರುಪಾರು ಫಾಸ್ಫೇಟು, ನೈಟ್ರೇಟು ತಿಂದೇ ಪಾಚಿ ಕೊಬ್ಬುತ್ತದೆ. 'ನಮ್ಮ ಅಬ್ಬಿ ನೀರಿಗೆ ಎಂತ ಆಯ್ದು? ಇಷ್ಟು ವರ್ಷ ನಾವು ಕುಡದ್ದು ಎಂತದು ಹಂಗಾರೆ?' ಎಂದು ಅಮ್ಮ ಕೇಳಿದಳು. ಇದಕ್ಕೆ ವಿಜ್ಞಾನದಲ್ಲಿ ಉತ್ತರವಿದೆ. ಆದರೆ ಅದನ್ನು ಅಮ್ಮನ ಎದುರು ಹೇಳುವ ಧೈರ್ಯ ವಿಜ್ಞಾನಿಗಳಿಗೂ ಇರಲಾರದು. ಫಿಲ್ಟರು ಉಗುಳಿದ ನೀರು ಈಗ ಬಚ್ಚಲ ಹಿಂದಿನ ಬಾಳೆಗೆ ಹೋಗುತ್ತದೆ. ಬಾಳೆ ಚೆನ್ನಾಗಿ ಬಂದಿದ್ದರಿಂದ ಆ ಪ್ರಕರಣ ಮುಚ್ಚಿಹೋಯಿತು.

ಹೀಗೆ ಬೋಳಿಸಿದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಬೆರೆಸಬೇಕು. ಅಂದರೆ ನಮ್ಮ ತೊಟ್ಟಿಗೆ ಎರಡು ಕಿಲೋದ ಮೇಲೆ ಚೂರು. ಎರಡು ಕಿಲೋ ಉಪ್ಪಿಗೆ ಕೊಟ್ಟ ದುಡ್ಡನ್ನು ನಾನು ಈವರೆಗೆ ಯಾರಿಗೂ ಹೇಳಿಲ್ಲ. ಗೋಕರ್ಣದ ಪಕ್ಕದ ಸಾಣಿಕಟ್ಟೆಯಲ್ಲಿ ರಾಶಿ ರಾಶಿ ಉಪ್ಪು ಬಿದ್ದಿರುವಾಗ ಇದೇನು ಪೊಗರು ಎಂದು ಯಾರಿಗಾದರೂ ಅನ್ನಿಸುವುದೇ. ಸಂಗತಿ ಏನೆಂದರೆ, ಗದ್ದೆಯಲ್ಲಿ ಸಮುದ್ರದ ನೀರು ಬತ್ತಿ ಉಪ್ಪು ಹರಳುಗಟ್ಟುವ ಹೊತ್ತಿಗೆ ಅದರೊಳಗಿನ ಕ್ಯಾಲ್ಸಿಯಂ ಬಹುಪಾಲು ಮೊದಲೇ ತಳ ಹಿಡಿದಿರುತ್ತದೆ. ಮೆಗ್ನೀಸಿಯಂ ಹರಳಿಗೆ ಬಾರದೆ ಕಹಿನೀರಿನ ಜೊತೆ ಹೊರಟುಹೋಗುತ್ತದೆ. ಕೈಗೆ ಬರುವುದು ಊಟದ ಉಪ್ಪು, ಸಮುದ್ರವಲ್ಲ. ಬಿಟ್ಟುಹೋದದ್ದನ್ನೆಲ್ಲ ಲೆಕ್ಕ ಹಾಕಿ ವಾಪಸು ಸೇರಿಸಿದ ಪುಡಿಗೆ ಆ ರೇಟು.

ಸಾಂದ್ರತೆ ನೋಡುವ ತೇಲುಮಾಪಕ 1.025ಕ್ಕೆ ನಿಲ್ಲಬೇಕು. ವರ್ಷಾ ವರ್ಷಾ ಅಪ್ಪೆಮಿಡಿಗೆ ಉಪ್ಪು ಹಾಕಿ ಭರಣಿ ಕಟ್ಟುವ ಅಮ್ಮನಿಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಬಿಸಿಲುಕಾಲದಲ್ಲಿ ತೊಟ್ಟಿಯ ನೀರು ಆರಿ ಇಳಿದಾಗ ನಾನು ಉಪ್ಪುನೀರು ಕಲಸಲು ಹೊರಟರೆ, 'ಉಪ್ಪು ಆರಿ ಹೋಗ್ತಿಲ್ಲೆ, ನೀರಷ್ಟೇ ಹೋಪದು, ಸಪ್ಪೆ ನೀರು ಹಾಕು' ಎಂದು ತಡೆದವಳು ಅವಳೇ. ಎಲ್ಲ ಪುಸ್ತಕಗಳೂ ಹೇಳುವುದು ಇದನ್ನೇ, ನಾಲ್ಕು ಪುಟ ಹೆಚ್ಚು ತೆಗೆದುಕೊಂಡು. ಇನ್ನು ಆಷಾಢದಲ್ಲಂತೂ ಆ ಗೊಡವೆಯೇ ಇಲ್ಲ. ಒಲೆಯ ಮೇಲೆ ಹರಗಿದ ಬಟ್ಟೆಯೇ ಒಣಗದ ಊರಿನಲ್ಲಿ ತೊಟ್ಟಿ ಎಲ್ಲಿ ಆರಬೇಕು!

ನೀರು, ಉಪ್ಪು ಆದರೂ ಮೀನು ಬಿಡುವಂತಿಲ್ಲ. ಮೀನು ಹೊರಬಿಡುವ ಅಮೋನಿಯಾವನ್ನು ತಿಂದು ನೈಟ್ರೈಟು ಮಾಡುವ ಬ್ಯಾಕ್ಟೀರಿಯಾ ಮೊದಲು ಹುಟ್ಟಬೇಕು. ಅದನ್ನು ತಿಂದು ನೈಟ್ರೇಟು ಮಾಡುವ ಇನ್ನೊಂದು ಕುಲ ಅದರ ಹಿಂದೆ ಬರಬೇಕು. ಇದಕ್ಕೆ ನಾಲ್ಕರಿಂದ ಆರು ವಾರ. ಅಡಿಕೆ ಸಸಿ ನೆಟ್ಟು ಫಸಲಿಗೆ ಐದಾರು ವರ್ಷ ಕೂರುವವರಿಗೆ ಇದೊಂದು ಕಾಯುವಿಕೆಯೇ ಅಲ್ಲ. ಕಷ್ಟ ಇದ್ದದ್ದು ಬ್ಯಾಕ್ಟೀರಿಯಾಕ್ಕೆ ಊಟ ಹಾಕುವುದರಲ್ಲಿ. ಹಸಿ ಸಿಗಡಿಯೊಂದನ್ನು ತೊಟ್ಟಿಯಲ್ಲಿ ಕೊಳೆಯಲು ಬಿಡುವುದು ಲೋಕರೂಢಿ. ಈ ವಾಕ್ಯವನ್ನು ನಾನು ಮನೆಯಲ್ಲಿ ಗಟ್ಟಿಯಾಗಿ ಓದಲಿಲ್ಲ. ಬದಲಿಗೆ ಅಮೋನಿಯಂ ಕ್ಲೋರೈಡು ತರಿಸಿದೆ, ಕಲಾಯಿ ಹಾಕುವವರು ಬಳಸುವ ನವಸಾಗರವೇ, ಪ್ರಯೋಗಾಲಯದ ದರ್ಜೆಯದು. ಪಾತ್ರೆಗೆ ಹಾಕುವುದನ್ನೇ ತೊಟ್ಟಿಗೂ ಹಾಕುತ್ತಾರೆಂದು ಕೇಳಿ ಅಮ್ಮನಿಗೆ ಈ ವಿದ್ಯೆಯ ಮೇಲೆ ಮೊದಲ ಬಾರಿಗೆ ಗೌರವ ಬಂತು.

ಆಮೇಲೆ ದಿನಾ ಬೆಳಿಗ್ಗೆ ಪರೀಕ್ಷೆ. ಗಾಜಿನ ನಳಿಗೆಯಲ್ಲಿ ತೊಟ್ಟಿಯ ನೀರು ಹಿಡಿದು, ಔಷಧದ ಹನಿ ಬಿಟ್ಟು, ಕುಲುಕಿ, ಬಣ್ಣ ಬಂದ ಮೇಲೆ ಕಿಟಕಿಯ ಬೆಳಕಿಗೆ ಕಾರ್ಡಿನ ಪಕ್ಕ ಹಿಡಿದು ನೋಡಬೇಕು. ಅಮೋನಿಯಾ ಇದ್ದರೆ ಹಸಿರು, ಇಲ್ಲದಿದ್ದರೆ ಹಳದಿ. ಮಳೆಗಾಲದ ನಮ್ಮ ಕಿಟಕಿಯ ಬೆಳಕಿನಲ್ಲಿ ನನಗೆ ಎಲ್ಲವೂ ಒಂದೇ ಹಸಿರು. ಅಮ್ಮ ಕನ್ನಡಕ ಏರಿಸಿ, 'ಮೊನ್ನೆ ಗಿಳಿಹಸಿರು, ನಿನ್ನೆ ಎಳೆಬಾಳೆ ಬಣ್ಣ, ಇವತ್ತು ನಿಂಬೆ' ಎಂದು ತೀರ್ಪು ಕೊಡುತ್ತಿದ್ದಳು. ಶಿವಮೊಗ್ಗದ ಸೀರೆ ಅಂಗಡಿಗಳಲ್ಲಿ ಕಳೆದ ಮಧ್ಯಾಹ್ನಗಳು ಹೀಗೆ ರಸಾಯನಶಾಸ್ತ್ರಕ್ಕೆ ಒದಗಿಬರುತ್ತವೆಂದು ಯಾರು ಎಣಿಸಿದ್ದರು?

ಹವಳದ ಮಾತಿಗೆ ಬರೋಣ. ಜಕಾರ್ತಾದ ಲೀ ಚಿನ್ ಎಂಗ್ ಎಂಬಾತ 1961ರಲ್ಲಿ, ಸಮುದ್ರದಿಂದ ಎತ್ತಿದ ಜೀವಂತ ಕಲ್ಲು ಹಾಕಿದರೆ ಅದೇ ನೀರನ್ನು ಶುದ್ಧ ಮಾಡುತ್ತದೆಂದು ಬರೆದ. ಲೋಕದ ಹವ್ಯಾಸಿಗಳೆಲ್ಲ ಅವನ ಹಿಂದೆ ಹೋದರು. ಆದರೆ ಆ ಕಲ್ಲೆಂದರೆ ಹೆಚ್ಚಿನಂಶ ಸತ್ತ ಹವಳದ ಅಸ್ಥಿಯೇ. ನಮ್ಮ ದೇಶದಲ್ಲಿ ದಿಬ್ಬ ಕಟ್ಟುವ ಹವಳಗಳು 2001ರಲ್ಲಿ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿದವು. ಅದು ಹುಲಿ ಇರುವ ಪಟ್ಟಿ. ಜಗುಲಿಯಲ್ಲಿ ಹವಳ ಸಾಕುವುದೂ ಒಂದೇ, ಹುಲಿ ಕಟ್ಟುವುದೂ ಒಂದೇ. ಇದು ಸರಿಯಾದ ಕಾನೂನು ಎಂದೇ ನನ್ನ ಮತ. ಹವಳ ನೋಡಬೇಕಿದ್ದರೆ ಮುರ್ಡೇಶ್ವರಕ್ಕೆ ಹೋಗಿ, ದೋಣಿ ಹತ್ತಿ, ನೇತ್ರಾಣಿಯಲ್ಲಿ ಮುಳುಗಿ ನೋಡಬೇಕು. ಹಾಗಾಗಿ ನಮ್ಮಲ್ಲಿರುವುದು ಭಟ್ಟಿಯಲ್ಲಿ ಸುಟ್ಟ ತೂತು ತೂತಿನ ಪಿಂಗಾಣಿ ಕಲ್ಲು. 'ಹವಳದ ದಿಬ್ಬ ಹೇಳಿ ಮಾಡ್ಕ್ಯಂಡು ಹವಳನೇ ಇಲ್ಯಲಾ!' ಎಂದಳು ಅಮ್ಮ, ಕೊರಳಲ್ಲಿದ್ದ ಅಜ್ಜಿಯ ಕಾಲದ ಹವಳದ ಸರ ಸರಿಪಡಿಸಿಕೊಳ್ಳುತ್ತ. ಅದು ಮೆಡಿಟರೇನಿಯನ್ನಿನ ಕೆಂಪು ಹವಳ, ದಿಬ್ಬ ಕಟ್ಟುವ ಕುಲದ್ದಲ್ಲ, ಪಟ್ಟಿಗೆ ಸೇರಿದ್ದೂ ಅಲ್ಲ. ಮನೆಯಲ್ಲಿ ಹವಳ ಇರುವುದು ಅದೊಂದೇ ಕಡೆ.

ಕಡೆಗೆ ಬಂದವು ಎರಡು ಕೋಡಂಗಿ ಮೀನು, ಹ್ಯಾಚರಿಯಲ್ಲಿ ಹುಟ್ಟಿದವು, ಕಿತ್ತಳೆಗೆ ಬಿಳಿ ಪಟ್ಟೆ. ಇವು ಹುಟ್ಟುವಾಗ ಎಲ್ಲವೂ ಗಂಡೇ. ಜೋಡಿಯಲ್ಲಿ ಜೋರಿನದು ದೊಡ್ಡದಾಗಿ ಬೆಳೆದು ಹೆಣ್ಣಾಗುತ್ತದೆ. ಅದು ಸತ್ತರೆ ಉಳಿದ ಗಂಡು ಬಡ್ತಿ ಪಡೆದು ಹೆಣ್ಣಾಗುತ್ತದೆ. ಕರಾವಳಿಯ ಅಳಿಯಕಟ್ಟೂ ಇಷ್ಟು ದೂರ ಯೋಚಿಸಿರಲಿಲ್ಲ. ಅಮ್ಮ ಮಾತ್ರ 'ಇರ್ಲಿ' ಎಂದಳು, ಆಶ್ಚರ್ಯಪಡುವಂಥದ್ದೇನೂ ಇಲ್ಲವೆಂಬಂತೆ. ಸಮುದ್ರದಲ್ಲಿ ಇವು ತಂಗುವ ಕಡಲಹೂ ನಮ್ಮಲ್ಲಿ ಇಲ್ಲದ್ದರಿಂದ ಅವೆರಡೂ ಪಂಪಿನ ಬುಡವನ್ನೇ ಮನೆ ಮಾಡಿಕೊಂಡಿವೆ. ಗಾಳಿಗೆ ಎಲ್ಲೋ ಒಂದು ಮರ ತಂತಿಯ ಮೇಲೆ ಒರಗಿ ಕರೆಂಟು ಹೋದಾಗ ಪಂಪು ನಿಂತು, ಎರಡೂ ಹೊರಬಂದು ನಮ್ಮನ್ನೇ ನೋಡುತ್ತವೆ. ಲಿಂಗನಮಕ್ಕಿಯನ್ನು ನಾವೇ ಕಟ್ಟಿಸಿದವರು ಎಂಬ ಭಾವ ಆ ಕಣ್ಣುಗಳಲ್ಲಿ. ಬ್ಯಾಟರಿಯ ಗಾಳಿಯಂತ್ರ ಹಚ್ಚಿ ಸಮಾಧಾನ ಮಾಡಬೇಕು. ಚಳಿಗಾಲಕ್ಕೆ ಅವಕ್ಕೆ ಇಪ್ಪತ್ತೈದು ಡಿಗ್ರಿಯ ಹೀಟರಿದೆ. ನಮಗಿರುವುದು ಕಂಬಳಿ.

ಮೇವು ಒಣ ಕಾಳಿನದು. ಡಬ್ಬಿಯ ಹಿಂದೆ ಅದರಲ್ಲಿ ಏನೇನಿದೆ ಎಂದು ಬರೆದ ಸಣ್ಣಕ್ಷರಗಳನ್ನು ಅಮ್ಮ ಕನ್ನಡಕ ಹಾಕಿಯೂ ಓದಲಾರಳು, ನಾನು ಓದಿ ಹೇಳಿಲ್ಲ. ಅಷ್ಟಿಷ್ಟು ಹಾಕುವ ಕೈ ಅವಳದಲ್ಲ. ಬಂದವರಿಗೆ ಮೂರನೇ ಸಲ ಬಡಿಸದೆ ಬಿಟ್ಟ ಉದಾಹರಣೆ ಇಲ್ಲ. ತಿಂದುಳಿದದ್ದು ಕೊಳೆತು ನೈಟ್ರೇಟು ಏರಿತು, ನಳಿಗೆ ಕುಂಕುಮದ ಬಣ್ಣಕ್ಕೆ ತಿರುಗಿತು, ಗಾಜಿಗೆ ಕಂದು ಪಾಚಿ ಕಟ್ಟಿತು. ನಾನು ಹೇಳಿದ್ದು ನಡೆಯಲಿಲ್ಲ. ನಡೆದದ್ದು ಪಂಚಾಂಗ. ಒಂದು ದಿನ ಅಮ್ಮ ತಾನಾಗಿಯೇ ಡಬ್ಬಿ ಎತ್ತಿಟ್ಟು, 'ಇವತ್ತು ಏಕಾದಶಿ, ಅವಕ್ಕೂ ಉಪವಾಸ' ಎಂದಳು. ಈ ಜಾತಿಯ ಮೀನಿಗೆ ಒಂದು ದಿನದ ಉಪವಾಸ ಏನೂ ಅಲ್ಲ. ಆಮೇಲೆ ಸಂಕಷ್ಟಿ ಸೇರಿತು, ಸೋಮವಾರದ ಒಪ್ಪತ್ತು ಸೇರಿತು. ನಳಿಗೆ ಕುಂಕುಮದಿಂದ ಕೇಸರಿಗೆ ಇಳಿದಿದೆ, ಗಾಜು ಹೊಳೆಯುತ್ತಿದೆ. ಈಗ ಚಾತುರ್ಮಾಸ್ಯದ ಮಾತು ಎತ್ತಿದ್ದಾಳೆ. ಮೀನುಗಳ ಪರವಾಗಿ ವಾದ ಮಾಡುತ್ತಿದ್ದೇನೆ.