ಮೀನಿಗೆ ಒಂದು ಪಾಲು, ಮೋರಿಗೆ ಮೂರು

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಡಿಸ್ಕಸ್ ಮೀನು ಸಾಕುವವನಿಗೆ ದೇವರ ಭಯ ಇರಲಿ ಬಿಡಲಿ, ಕೆಳಮನೆಯವರ ಫಾಲ್ಸ್ ಸೀಲಿಂಗಿನ ಭಯ ಇದ್ದೇ ಇರುತ್ತದೆ. ಮೀನು ಸತ್ತರೆ ಇನ್ನೊಂದು ತರಬಹುದು. ಕೆಳಗಿನ ಜಿಪ್ಸಮ್ ಒದ್ದೆಯಾದರೆ ಅಸೋಸಿಯೇಷನ್ನಿನ ವಾಟ್ಸಾಪ್ ಗುಂಪಿಗೆ ಮೊದಲು ಫೋಟೊ ಬರುತ್ತದೆ, ಹಿಂದೆಯೇ ಪೇಂಟರನ ಎಸ್ಟಿಮೇಟ್ ಬರುತ್ತದೆ, ಆಮೇಲೆ ಆರು ತಿಂಗಳು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಬೇಕಾಗುತ್ತದೆ.

ಡಿಸ್ಕಸ್ ಅಮೆಜಾನ್ ಸೀಮೆಯದು. ಮೆದುವಾದ, ತುಸು ಆಮ್ಲೀಯ ನೀರು ಅದಕ್ಕೆ ರೂಢಿ. ನಮ್ಮ ಬೋರ್‌ವೆಲ್ ನೀರೋ, ಗೀಸರಿನ ಕಾಯಿಲಿಗೆ ಸುಣ್ಣದ ಅಂಗಿ ತೊಡಿಸುವಂಥದು. ಹಾಗಾಗಿ ಯುಟಿಲಿಟಿ ಬಾಲ್ಕನಿಯಲ್ಲಿ ಮೀನಿಗೆಂದೇ ಒಂದು ಆರ್‌ಒ ಯಂತ್ರ. ಅದೇ ಮನೆಯ ಅಜ್ಜಿ ಕುಡಿಯುವುದು ಕ್ಯಾನ್ ನೀರು. ಆಕೆ ಅಮೆಜಾನ್ ಕಡೆಯವಳಲ್ಲವಲ್ಲ.

ಈ ಯಂತ್ರದ ಮಹಾಗುಣವೆಂದರೆ ನಿಧಾನ. 75 ಜಿಪಿಡಿ, ಅಂದರೆ ದಿನಕ್ಕೆ 75 ಗ್ಯಾಲನ್ ಸೋಸುವ ಮೆಂಬ್ರೇನ್, ನೀರಿನ ಒತ್ತಡ ಚೆನ್ನಾಗಿದ್ದರೆ, ಗಂಟೆಗೆ ಸುಮಾರು 12 ಲೀಟರ್ ಕೊಡುತ್ತದೆ. 20 ಲೀಟರಿನ ಬಕೆಟ್ ತುಂಬಲು ಒಂದೂವರೆ ಗಂಟೆಗೂ ಮಿಕ್ಕಿ ಬೇಕು. ಎರಡು ನಿಮಿಷದಲ್ಲಿ ತುಂಬುವುದಿದ್ದರೆ ಮನುಷ್ಯ ಎದುರಿಗೇ ನಿಂತಿರುತ್ತಾನೆ. ಒಂದೂವರೆ ಗಂಟೆ ಎಂದರೆ ಐಪಿಎಲ್‌ನ ಒಂದು ಇನ್ನಿಂಗ್ಸ್. ಆರ್‌ಸಿಬಿ ಬ್ಯಾಟಿಂಗ್ ಇರುವ ಸಂಜೆ ನಗರದ ಯಾವ ಬಕೆಟ್ಟೂ ಕ್ಷೇಮವಲ್ಲ. ಓವರ್‌ಹೆಡ್ ಟ್ಯಾಂಕ್ ತುಂಬಿ ಸುರಿದರೆ "ಟ್ಯಾಂಕ್ ತುಂಬ್ತು ಕಣ್ರೀ, ಮೋಟರ್ ಆಫ್ ಮಾಡ್ರೀ" ಎಂದು ಬೀದಿಯೇ ಕೂಗುತ್ತದೆ. ಬಾಲ್ಕನಿಯ ಬಕೆಟ್ಟಿಗೆ ಅಂಥ ಬಂಧುಬಳಗವಿಲ್ಲ.

ಆದ್ದರಿಂದ ನಮ್ಮ ಮೀನುಪ್ರೇಮಿ ಬಕೆಟ್ ಬಿಟ್ಟು ಡ್ರಮ್ ಇಟ್ಟು, ಅದರ ಬಾಯಿಗೆ ಫ್ಲೋಟ್ ವಾಲ್ವ್ ಕೂರಿಸುತ್ತಾನೆ. ನೀರು ಏರಿದಂತೆ ಬುರುಡೆ ಏರುತ್ತದೆ, ಕೊಳವೆ ಮುಚ್ಚುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಡ್ರಮ್ಮು ಕಂಠಪೂರ್ತಿ, ನೆಲ ಒಣ ಒಣ. ಅವನು ಕಾಫಿ ಲೋಟ ಹಿಡಿದು ಆ ಒಣ ನೆಲದ ಮೇಲೆ ನಿಂತು ಸುಖಿಸುತ್ತಾನೆ. ಅವನ ಕಾಲಬುಡದಲ್ಲೇ, ಮೋರಿಗೆ ಇಳಿಬಿಟ್ಟ ಇನ್ನೊಂದು ಸಣ್ಣ ಕೊಳವೆ ರಾತ್ರಿಯಿಡೀ ಜುಳುಜುಳು ಹರಿದಿದೆ, ಈಗಲೂ ಹರಿಯುತ್ತಿದೆ. ಒಂದು ಲೀಟರ್ ಒಳ್ಳೆಯ ನೀರಿಗೆ ಲವಣ ಹೊತ್ತ ಸುಮಾರು ಮೂರು ಲೀಟರ್ ರಿಜೆಕ್ಟ್ ನೀರು ಹೊರಬೀಳುವುದು ಸಾಮಾನ್ಯ. ಫ್ಲೋಟ್ ವಾಲ್ವ್ ತಡೆದದ್ದು ಆ ಒಂದು ಪಾಲನ್ನು. ಮೂರು ಪಾಲಿಗೆ ತಡೆಯೇ ಇಲ್ಲ. ಎಂಟು ಗಂಟೆಯ ನಿದ್ದೆಗೆ ಹೆಚ್ಚುಕಡಿಮೆ 300 ಲೀಟರಿನಷ್ಟು ನೀರು, ಒಂದು ಹನಿಯೂ ಮೆಂಬ್ರೇನ್ ದಾಟದೆ, ಶಿಸ್ತಾಗಿ ಕೊಳವೆಯೊಳಗೇ ನಡೆದು ಚರಂಡಿ ಸೇರಿರುತ್ತದೆ. ಟೈಲ್ಸಿನ ಮೇಲೆ ಬಿದ್ದ ಅರ್ಧ ಲೀಟರು ಅನಾಹುತ. ಮೋರಿಗೆ ಹೋದ ಮುನ್ನೂರು ಲೀಟರು ವ್ಯವಸ್ಥೆ.

ಇದಕ್ಕೂ ಮದ್ದಿದೆ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು: ಆಟೋ ಶಟ್‌ಆಫ್ ವಾಲ್ವ್. ಫ್ಲೋಟ್ ಮುಚ್ಚಿದಾಗ ಒಳ್ಳೆಯ ನೀರಿನ ಕೊಳವೆಯಲ್ಲಿ ಒತ್ತಡ ಏರುತ್ತದೆ. ಆ ಒತ್ತಡ ಒಂದು ರಬ್ಬರ್ ಪೊರೆಯನ್ನು ಅದುಮಿ ಯಂತ್ರದೊಳಕ್ಕೆ ಬರುವ ನೀರನ್ನೇ ಕಟ್ಟುತ್ತದೆ. ಒತ್ತಡ ಹಿಂದಕ್ಕೆ ಜಾರದಂತೆ ಕಾಯಲು ಮೆಂಬ್ರೇನಿನ ಬಳಿ ಒಂದು ಚೆಕ್ ವಾಲ್ವ್ ಬೇಕು. ಅದು ಕೆಟ್ಟರೆ ಶಟ್‌ಆಫ್ ವಾಲ್ವಿಗೆ ಡ್ರಮ್ ತುಂಬಿದ ಸುದ್ದಿಯೇ ತಲುಪುವುದಿಲ್ಲ. ಸರಿಯಾಗಿದೆಯೇ ಎಂದು ತಿಳಿಯಲು ಡ್ರಮ್ ತುಂಬಿ ಸ್ವಲ್ಪ ಹೊತ್ತಾದ ಮೇಲೆ ಬಗ್ಗಿ ಮೋರಿ ಕೊಳವೆಯ ಬಾಯಿ ನೋಡಿದರೆ ಸಾಕು. ಬಗ್ಗುವುದೇ ಕಷ್ಟ.

ಆ ಕೊಳವೆಯಲ್ಲಿ ಹೋಗುತ್ತಿರುವುದು ಬೋರ್ ನೀರಾಗಿದ್ದರೆ ಪಾತಾಳದ ಲೆಕ್ಕ. ಕಾವೇರಿಯಾಗಿದ್ದರೆ, ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಐನೂರು ಮೀಟರಿನಷ್ಟು ಎತ್ತರ ಪಂಪುಗಳು ದೂಡಿ ತಂದ ನೀರು. ಇಷ್ಟು ಹತ್ತಿ ಬಂದದ್ದು ಮೂರನೇ ಮಹಡಿಯ ಮೋರಿಗೆ ಇಳಿಯಲು. 2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ, ಕೈತೋಟಕ್ಕೆ ಬಿಟ್ಟವರಿಗೆ 5,000 ರೂಪಾಯಿ ದಂಡ ಎಂದಿತು. ಮೀನುಪ್ರೇಮಿ ನಿಷ್ಠೆಯಿಂದ ಪಾಲಿಸಿದ. ಕಾರಿನ ಮೇಲೆ ದೂಳು ಬೆಳೆಯಿತು, ತುಳಸಿ ಒಣಗಿತು. ನಾಲ್ಕಡಿ ಟ್ಯಾಂಕಿನ 250 ಲೀಟರಿನಲ್ಲಿ ಅರ್ಧವನ್ನು ವಾರಕ್ಕೊಮ್ಮೆ ಬದಲಿಸುವ ವ್ರತ ಮಾತ್ರ ತಪ್ಪಲಿಲ್ಲ.

ಮನೆಯವರು ಗೊಣಗಿದ ಮೇಲೆ ರಿಜೆಕ್ಟ್ ನೀರಿಗೂ ಒಂದು ಡ್ರಮ್ ಬಂತು, ನೆಲ ಒರೆಸಲು, ಕಮೋಡಿಗೆ ಸುರಿಯಲು. ಮೂರು ಪಾಲಿನ ಡ್ರಮ್ಮು ಒಂದು ಪಾಲಿನದಕ್ಕಿಂತ ಮೊದಲೇ ತುಂಬುತ್ತದೆ ಎಂಬ ಗಣಿತ ನೆಲ ಒದ್ದೆಯಾದಾಗ ಹೊಳೆಯಿತು. ಕೂಡಲೇ ಅದಕ್ಕೂ ಒಂದು ಫ್ಲೋಟ್ ವಾಲ್ವ್ ಜಡಿದ. ರಿಜೆಕ್ಟ್ ದಾರಿ ಮುಚ್ಚಿದರೆ ಲವಣವೆಲ್ಲ ಮೆಂಬ್ರೇನಿನಲ್ಲೇ ಕೂತು ಅದನ್ನು ಮುಗಿಸುತ್ತದೆ, ಮುಗಿಸಿತು. ಕೊನೆಗೆ ಎಲೆಕ್ಟ್ರಿಷಿಯನ್ ಬಂದು ಎರಡೂ ಡ್ರಮ್ಮಿಗೆ ಕರೆಂಟಿನ ಫ್ಲೋಟ್ ಸ್ವಿಚ್ ಹಾಕಿ, ಯಾವುದು ಮೊದಲು ತುಂಬಿದರೂ ಯಂತ್ರದ ಪಂಪು ನಿಂತು, ಒಳಬರುವ ನೀರಿನ ಸೊಲೆನಾಯ್ಡ್ ವಾಲ್ವ್ ಮುಚ್ಚುವಂತೆ ಮಾಡಿಕೊಟ್ಟ. ಮೊದಲೇ ಅವನನ್ನು ಕರೆದಿದ್ದರೆ ಹವ್ಯಾಸ ಎನ್ನಿಸಿಕೊಳ್ಳುತ್ತಿರಲಿಲ್ಲ.

ಮೀನಿನ ಟ್ಯಾಂಕಿನ ಕೆಳಗೆ, ನೀರು ಇಳಿದು ಪಂಪಿನಿಂದ ಮತ್ತೆ ಮೇಲೇರುವ ಸಂಪಿನದು ಬೇರೆಯೇ ಕಥೆ. ಕರೆಂಟು ಹೋಗಿ ಪಂಪು ನಿಂತರೆ, ನೀರೊಳಗೆ ಮುಳುಗಿದ ಕೊಳವೆ ಸೈಫನ್ ಆಗಿ ಮೇಲಿನ ನೀರನ್ನು, ತನ್ನ ಬಾಯಿಯ ಮಟ್ಟದವರೆಗೆ, ಕೆಳಗೆ ಎಳೆಯುತ್ತದೆ. ನೀರಿನ ಮಟ್ಟದ ಸ್ವಲ್ಪ ಕೆಳಗೆ ಕೊಳವೆಗೊಂದು ತೂತು ಕೊರೆದರೆ ಗಾಳಿ ಹೊಕ್ಕು ಸೈಫನ್ ಮುರಿಯುತ್ತದೆ. ಅಲ್ಲಿಯವರೆಗೆ ಇಳಿಯುವಷ್ಟು ನೀರಿಗೆ ಸಂಪಿನಲ್ಲಿ ಜಾಗ ಬಿಟ್ಟಿರಬೇಕು. ಭಾನುವಾರ ಸ್ವಿಚ್ ಆಫ್ ಮಾಡಿ ಪರೀಕ್ಷಿಸಿ ಎನ್ನುತ್ತಾರೆ ಬಲ್ಲವರು. ಅವನು ಮಾಡುವುದಿಲ್ಲ. ರಾತ್ರಿ ಎರಡು ಗಂಟೆಗೆ ಟ್ರಾನ್ಸ್‌ಫಾರ್ಮರ್ ಮಾಡಿಕೊಡುತ್ತದೆ.

ಇಷ್ಟೆಲ್ಲ ದಾಟಿ ಬಂದ ಶುದ್ಧ ನೀರನ್ನು ಹಾಗೇ ಮೀನಿಗೆ ಬಿಡುವಂತಿಲ್ಲ, ಅದರಲ್ಲಿ ಲವಣವೇ ಇಲ್ಲವೆನ್ನಬೇಕು! ಅಂಗಡಿಯಿಂದ ಮಿನರಲ್ ಪುಡಿ ತಂದು, ಅಳೆದು ಬೆರೆಸಬೇಕು. ತೆಗೆದದ್ದು ಮೋರಿಗೆ, ಹಾಕುವುದು ಜೇಬಿನಿಂದ.

ಆ ಪುಡಿ ಕೊಳ್ಳಲು ಹೋದಾಗಲೇ ಶಿವಾಜಿನಗರದ ಅಂಗಡಿ ಹುಡುಗ ಹೇಳಿದ: "ಸಾರ್, ನಿಮ್ ಬೋರ್ ನೀರಿಗೆ ಮಲಾವಿ ಸಿಕ್ಲಿಡ್ ಹಾಕಿ. ಅವಕ್ಕೆ ಗಡಸು ನೀರೇ ಇಷ್ಟ. ಆರ್‌ಒ ಗೀರ್‌ಒ ಏನೂ ಬೇಡ."

ಮೀನುಪ್ರೇಮಿಗೆ ಗಾಬರಿಯಾಯಿತು. "ಅಲ್ಲಪ್ಪಾ, ಮನೇಲಿರೋ ಮಷೀನ್ ಏನ್ ಮಾಡ್ಲಿ ಮತ್ತೆ?"