ನನಗಿಂತ ಚಿಕ್ಕ ಹಳೇ ಓಣಿ

ನ್ಯೂರೆಂಬರ್ಗಿನ ರೈಲು ನಿಲ್ದಾಣದಿಂದ ರಸ್ತೆ ದಾಟಿದರೆ ಒಂದು ಗುಂಡು ಗೋಪುರ. ಅದರ ಬುಡದಲ್ಲೇ ಹ್ಯಾಂಡ್‌ವೆರ್ಕರ್‌ಹೋಫ್, ಅಂದರೆ ಕುಶಲಕರ್ಮಿಗಳ ಅಂಗಳ. ಮರದ ಚೌಕಟ್ಟಿನ ಪುಟ್ಟ ಮನೆಗಳು, ಕಲ್ಲುಹಾಸಿನ ಓಣಿ, ಚರ್ಮದ ಚೀಲ, ತವರದ ಬೊಂಬೆ.

"ರೀ, ಎಷ್ಟು ನೂರು ವರ್ಷ ಹಳೇದಿರಬಹುದು?" ಹೆಂಡತಿಯ ದನಿಯಲ್ಲಿ ಆಗಲೇ ಭಕ್ತಿ ಬಂದಿತ್ತು.

"1971."

ನಾನು ಸ್ಲೇಟು ಹಿಡಿದು ಶಾಲೆಗೆ ಹೋಗುತ್ತಿದ್ದ ವರ್ಷ. ಗೋಪುರ, ಕೋಟೆಗೋಡೆ ನಿಜಕ್ಕೂ ಹಳೆಯವೇ. ಒಳಗಿನ ಮನೆಗಳನ್ನು ಮಾತ್ರ ಇದೇ ಊರಿನ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರನ ಐನೂರನೇ ಹುಟ್ಟುಹಬ್ಬಕ್ಕೆಂದು ತಾತ್ಕಾಲಿಕವಾಗಿ ಕಟ್ಟಿದರು. ಹಬ್ಬ ಮುಗಿಯಿತು, ಮನೆಗಳು ಉಳಿದವು. ತಾತ್ಕಾಲಿಕ ಬಸ್ ನಿಲ್ದಾಣದಲ್ಲೇ ಅರ್ಧ ಆಯುಷ್ಯ ಕಳೆದ ನಮಗೆ ಇದೇನು ಹೊಸದೆ? ಮೋಸವೆಂದು ಮೂಗು ಮುರಿಯಲೂ ಆಗದು. 1945ರ ಜನವರಿ 2ರ ಬಾಂಬ್ ದಾಳಿಯಲ್ಲಿ ಹಳೇ ಊರು ಬಹುಪಾಲು ನೆಲಸಮವಾಗಿತ್ತು. ಇಲ್ಲಿ 'ಪುರಾತನ'ವೆಂದು ಫೋಟೊಕ್ಕೆ ನಿಲ್ಲುವ ಎಷ್ಟೋ ಕಟ್ಟಡಗಳು ಮತ್ತೆ ಎದ್ದು ನಿಂತವು.

ಕಸುಬು ಮಾತ್ರ ಅಪ್ಪಟ ಹಳೆಯದು. 1348–49ರ ದಂಗೆಯ ಬಳಿಕ ಇಲ್ಲಿನ ಕುಶಲಕರ್ಮಿಗಳು ಸಂಘ ಕಟ್ಟುವಂತಿರಲಿಲ್ಲ; ನಗರಸಭೆಯೇ ಕಣ್ಣಿಟ್ಟು ಕಾಯುತ್ತಿತ್ತು. ಸಂಘವಿಲ್ಲ, ಸಭೆಯಿಲ್ಲ, ಅಧ್ಯಕ್ಷರ ಭಾಷಣವಿಲ್ಲ. ಅದಕ್ಕೇ ಇಷ್ಟೊಂದು ಕೆಲಸವಾಗಿರಬೇಕೆಂದು ನನ್ನ ಗುಮಾನಿ. 16ನೇ ಶತಮಾನದ ಹಾನ್ಸ್ ಸಾಕ್ಸ್ ಬೂಟು ಹೊಲಿಯುತ್ತಲೇ ಹಾಡು, ಪದ್ಯ, ನಾಟಕ ಎಂದು 6000ಕ್ಕೂ ಹೆಚ್ಚು ಬರೆದ. ಒಂದು ಪ್ರಬಂಧಕ್ಕೆ ಮೂರು ವಾಯಿದೆ ಕೇಳುವ ನಾನು ಅವನ ಸುದ್ದಿಯನ್ನು ಹೆಂಡತಿಯೆದುರು ಎತ್ತಲಿಲ್ಲ.

ಅಷ್ಟರಲ್ಲಿ ಸಾಸೇಜು ಸುಡುವ ಹೊಗೆ. ಉದ್ದ 7ರಿಂದ 9 ಸೆಂಟಿಮೀಟರ್, ತೂಕ 20ರಿಂದ 25 ಗ್ರಾಂ. ಮಾಡಿದ್ದೂ ಊರೊಳಗೇ ಆಗಿರಬೇಕು. ಇಲ್ಲದಿದ್ದರೆ ಅದಕ್ಕೆ ಊರಿನ ಹೆಸರಿಲ್ಲ. ಬಾಗಿಲು ಹಾಕಿದ ಮೇಲೂ ಬೀಗದ ಕಿಂಡಿಯಿಂದ ತೂರಿಸಿ ಮಾರಲೆಂದೇ ಇಷ್ಟು ಸಣ್ಣ ಮಾಡಿದರಂತೆ. ಕಥೆ ಕಟ್ಟುವುದೂ ಒಂದು ಕುಶಲಕರ್ಮವೇ. ತವರದ ತಟ್ಟೆಯಲ್ಲಿ ಆರು, ಎಂಟು, ಹತ್ತು, ಹನ್ನೆರಡು ಎಂದು ಎಣಿಸಿ ಬಡಿಸುತ್ತಾರೆ. ಸಸ್ಯಾಹಾರಿ ಹೆಂಡತಿ ಆಲೂಗಡ್ಡೆ ಸಾಲಡ್ ಕಡೆ ಆಸೆಯಿಂದ ನೋಡಿದಳು; ಈ ಸೀಮೆಯಲ್ಲಿ ಅದಕ್ಕೂ ಮಾಂಸದ ಸಾರು ಬೆರೆಸುವ ರೂಢಿ. ಬನ್ನು, ಸಾಸಿವೆ ಗೊಜ್ಜಿನಲ್ಲಿ ಊಟ ಮುಗಿಯಿತು. ಬನ್ನು ಚೆನ್ನಾಗಿತ್ತು.

ಹೋಗುವವರಿದ್ದರೆ ಲೇಬ್‌ಕೂಹೆನ್ ಎಂಬ ಮಸಾಲೆ ಬಿಸ್ಕತ್ತು ಕೊಳ್ಳಿ, ಅದರಲ್ಲೂ 'ಎಲೀಸೆನ್' ಜಾತಿಯದು. ಬಾದಾಮಿ, ಅಕ್ರೋಟು, ಹೇಜಲ್ ಬೀಜ ಕಾಲುಭಾಗವಾದರೂ ಇರಬೇಕು, ಹಿಟ್ಟು ನೂರಕ್ಕೆ ಹತ್ತು ಮೀರಬಾರದು ಎಂಬುದು ಅದಕ್ಕಿರುವ ಕಟ್ಟಳೆ. ಮೊಟ್ಟೆ ತಿನ್ನದವರು ಮಾತ್ರ ಮೊದಲೇ ಕೇಳಿಕೊಳ್ಳಿ, ಸಾಮಾನ್ಯವಾಗಿ ಹಾಕಿರುತ್ತಾರೆ.